ಸೊಟ್ಟ ಗೋಡೆಯ ಯಜಮಾನ

"ಗೋಡೆ ಸೊಟ್ಟಗಾಯಿತೆಂದು ಕೂಲಿ ಹಿಡಿದುಕೊಂಡವರಿದ್ದಾರೆ. ಸೊಟ್ಟಗೆ ಮಾಡಿಕೊಡಿ ಎಂದು ಕರೆದವರು ನೀವೇ ಮೊದಲು ಸಾರ್" ಎಂದರು ಆಚಾರಿ. ನೆಟ್ಟಗಿನ ಗೋಡೆಗಿಂತ 40 ಡಿಗ್ರಿ ಮುಂದಕ್ಕೆ ವಾಲಿರಬೇಕು ಎಂದು ಹೇಳಿದ ಮೇಲೆ ತೂಗುಗುಂಡನ್ನು ಚೀಲದೊಳಗೆ ಹಾಕಿಬಿಟ್ಟರು.

ನನಗಿರುವುದು ಬಂಡೆ ಹತ್ತುವ ಚಟ. ಬಾದಾಮಿಯ ಕೆಂಪು ಮರಳುಗಲ್ಲು ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ ದಕ್ಕಿದರೆ ಪುಣ್ಯ. ಉಳಿದ ಹನ್ನೊಂದು ತಿಂಗಳು ಬೆಂಗಳೂರಿನಲ್ಲಿ ನಾನು ಉಡದಂತೆ ಅಂಟಿಕೊಂಡಿರುವುದು ಕುರ್ಚಿಗೆ. ಅದಕ್ಕೇ ತಾರಸಿಯ ಶೀಟಿನ ಅಡಿಯಲ್ಲಿ 18 ಮಿ.ಮೀ. ದಪ್ಪದ ಎರಡು ಪ್ಲೈವುಡ್ ಹಲಗೆಗಳು ಅಕ್ಕಪಕ್ಕ ನಿಂತವು. ನಿಂತವು ಎನ್ನುವುದು ತಪ್ಪು, ವಾಲಿದವು. ಎಂಟಡಿಯ ಹಲಗೆ ಹಾಗೆ ವಾಲಿದರೆ ಎತ್ತರ ಆರಡಿ ಚಿಲ್ಲರೆ. "ಇಷ್ಟು ಹತ್ತಲು ಸ್ಟೂಲ್ ಸಾಲದೇ?" ಎಂದು ಅಮ್ಮ ಕೇಳಿದ್ದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಕೈಕಾಲಿಗೆ ಆಸರೆಯಾಗುವ ಹಿಡಿಕೆಗಳನ್ನು ಬೋಲ್ಟಿನಿಂದ ಬಿಗಿಯಲು ಎಂಟು ಅಂಗುಲಕ್ಕೊಂದರಂತೆ 144 ತೂತುಗಳು. ಪ್ರತಿ ತೂತಿಗೂ ಹಿಂಬದಿಯಿಂದ ಹಲ್ಲಿರುವ ಟೀ-ನಟ್ ಬಡಿಯಬೇಕು. ಮುಂದಿನಿಂದ ಬೋಲ್ಟ್ ಬಿಗಿದಷ್ಟೂ ಆ ಹಲ್ಲು ಮರವನ್ನು ಕಚ್ಚುತ್ತದೆ. ಆಚಾರಿ ಊಟಕ್ಕೆ ಹೋಗಿದ್ದಾಗ ಉತ್ಸಾಹ ತಡೆಯಲಾರದೆ ಹನ್ನೆರಡನ್ನು ನಾನೇ ಮುಂಬದಿಯಿಂದ ಬಡಿದಿದ್ದೆ. ಅಂಥದೊಂದಕ್ಕೆ ಜೋತುಬಿದ್ದ ದಿನ ಹಿಡಿಕೆ, ಬೋಲ್ಟ್, ನಟ್ ಮೂರೂ ಕಿತ್ತುಬಂದವು. ಹತ್ತಿಯ ಹಾಸಿಗೆಯ ಮೇಲೆ ಅಂಗಾತ ಬಿದ್ದಾಗಲೂ ಹಿಡಿಕೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಹಿಡಿಕೆಗಳಲ್ಲಿ ಅರ್ಧ ಕೊಂಡವು, ಅರ್ಧ ಹಳೆಯ ಮನೆಯ ತೇಗದ ಬಾಗಿಲುವಾಡದ ತುಂಡುಗಳು. ಉಜ್ಜುಕಾಗದದಲ್ಲಿ ಅಂಚು ಸವರಿದ ತೇಗ ಬೆರಳಿನ ಚರ್ಮವನ್ನು ಅಂಗಡಿಯ ಒರಟು ಪ್ಲಾಸ್ಟಿಕ್ಕಿನ ಹಾಗೆ ಸುಲಿಯುವುದಿಲ್ಲ. ಅವುಗಳಲ್ಲೇ ಅತ್ಯುತ್ತಮವಾದುದರ ಮೇಲೆ ಅಮ್ಮನ ರವಿಕೆ ಒಣಗುತ್ತಿರುತ್ತದೆ.

ಜರ್ಮನಿಯ ಬಂಡೆ ಹತ್ತುಗ ವೋಲ್ಫ್‌ಗಾಂಗ್ ಗುಲ್ಲಿಚ್ 1988ರಲ್ಲಿ ನ್ಯೂರೆಂಬರ್ಗಿನ ವ್ಯಾಯಾಮಶಾಲೆಯೊಂದರಲ್ಲಿ ವಾಲಿದ ಹಲಗೆಗೆ ಅಡ್ಡಪಟ್ಟಿಗಳನ್ನು ಹೊಡೆದು, ಕಾಲು ಊರದೆ ಬರೀ ಬೆರಳಲ್ಲಿ ಮೇಲೇರುವ ತಾಲೀಮು ನಡೆಸಿದನಂತೆ. 1991ರಲ್ಲಿ ಅವನು ಹತ್ತಿದ 'ಆಕ್ಷನ್ ಡಿರೆಕ್ಟ್' ಎಂಬ ಬಂಡೆಯ ದಾರಿ ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಕಠಿಣವಾದುದು. ಇದನ್ನು ಓದಿದ ರಾತ್ರಿಯೇ ನಾನೂ ಕಾಲೆತ್ತಿದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಬೆರಳಿನ ಸ್ನಾಯುರಜ್ಜುವಿಗೆ ತಿಂಗಳುಗಳೇ ಬೇಕು ಎಂಬ ಸಾಲು ಮುಂದಿನ ಪುಟದಲ್ಲಿತ್ತು. ಉಂಗುರದ ಬೆರಳು ಒಂದೂವರೆ ತಿಂಗಳು ಅನ್ನ ಕಲಸಲಿಲ್ಲ.

ಬೆರಳು ವಾಸಿಯಾದ ಮೇಲೆ ಮಾತ್ರ ಪ್ರಗತಿಯೋ ಪ್ರಗತಿ. ಆರು ತಿಂಗಳಲ್ಲಿ ನನ್ನ ಗೋಡೆಯಲ್ಲಿ ನನಗಾಗದ ದಾರಿಯೇ ಉಳಿಯಲಿಲ್ಲ. ಆ ಹೆಮ್ಮೆ ಹೊತ್ತು ಬಾದಾಮಿಗೆ ಹೋದೆ. ಹಿಂದಿನ ವರ್ಷ ಬಿದ್ದ ಜಾಗದಲ್ಲೇ, ಅದೇ ಭಂಗಿಯಲ್ಲಿ ಬಿದ್ದೆ. ಬಂಡೆಯಲ್ಲಿ ಹಿಡಿತ ತನಗೆ ತೋಚಿದಲ್ಲಿರುತ್ತದೆ. ಮನೆಯ ಗೋಡೆಯಲ್ಲಿ ಹಿಡಿಕೆ ಇಡುವವನೂ ನಾನೇ, ಹತ್ತುವವನೂ ನಾನೇ. ಎಡಗೈ ಸೋಲುವ ಕಡೆಯೆಲ್ಲ ದಪ್ಪ ಹಿಡಿಕೆ ಇಟ್ಟುಕೊಂಡಿದ್ದೆ. ಪ್ರಶ್ನೆಪತ್ರಿಕೆ ತಾನೇ ಬರೆದು ಮೊದಲ ದರ್ಜೆಯಲ್ಲಿ ಪಾಸಾದವನ ಕಥೆ. ಬ್ರಿಟನ್ನಿನ ಬೆನ್ ಮೂನ್ ರೂಪಿಸಿದ ತಾಲೀಮಿನ ಗೋಡೆಯಾದ ಮೂನ್‌ಬೋರ್ಡ್‌ನಲ್ಲಿ ಪ್ರತಿ ಹಿಡಿಕೆಯ ಜಾಗ, ದಿಕ್ಕು ಎಲ್ಲ ಊರುಗಳಲ್ಲೂ ಒಂದೇ. ಏಕೆಂದು ಆಗ ಅರ್ಥವಾಯಿತು. ಅದರ ಬೆಲೆ ನೋಡಿ ಅರ್ಥವಾದಷ್ಟೇ ಸಾಕೆಂದುಕೊಂಡೆ.

ಮೊನ್ನೆ ಭಾನುವಾರ ಎಂದಿನಂತೆ ಕಣ್ಣುಮುಚ್ಚಿಯೂ ಹತ್ತಬಲ್ಲ ದಾರಿಗೆ ಕೈಯಿಟ್ಟೆ. ಮೂರನೆಯ ಹಿಡಿಕೆಯ ಅಂಚು ಬೆರಳಿಗೆ ಸಿಗಲಿಲ್ಲ. ಹಾಸಿಗೆಯ ಮೇಲಿಂದ ಕತ್ತೆತ್ತಿ ನೋಡಿದರೆ ತೇಗದ ತುಂಡು ತಲೆಕೆಳಗಾಗಿತ್ತು. ಬಾಗಿಲ ಬಳಿ ನಿಂತಿದ್ದ ಆರನೆಯ ತರಗತಿಯ ಮಗಳು ನಗಲಿಲ್ಲ. "ಅಪ್ಪಾ, ಅದೊಂದೇ ಅಲ್ಲ, ಇನ್ನೂ ನಾಲ್ಕಿವೆ" ಎಂದಳು. ಬೋಲ್ಟ್ ತಿರುಗಿಸುವ ಎಲ್-ಕೀ ಈಗ ಅವಳ ಜಾಮಿಟ್ರಿ ಬಾಕ್ಸಿನಲ್ಲಿದೆ.