ಪಾಠ ಸೆಕೆಂಡಲ್ಲಿ ಬರ್ತದೆ, ತಿದ್ದಿದ ಪೇಪರ್ ಯಾವಾಗ ಬರೋದು?

ದೂರಶಿಕ್ಷಣ ಅಂದ ಕೂಡ್ಲೇ ಎಲ್ರೂ ಆ್ಯಪು, ವಿಡಿಯೋ, ಸ್ಟುಡಿಯೋ ಅಂತ ಶುರು ಮಾಡ್ತಾರೆ. ನಾನು ಕೇಳೋದು ಇಷ್ಟೇ, ಬರೆದು ಕಳಿಸಿದ್ದನ್ನ ಯಾರಾದ್ರೂ ಓದಿ ತಿದ್ದಿ ವಾಪಸ್ ಕೊಡ್ತಾರಾ, ಕೊಟ್ರೆ ಯಾವಾಗ?

ಬದಿಯಡ್ಕ ಕಡೆಯ ನಮಗೆ ಎರಡು ರಾಜ್ಯದ ರೀತಿಯೂ ನೋಡ್ಲಿಕ್ಕೆ ಸಿಗ್ತದೆ, ಮನೆ ಕೇರಳದಲ್ಲಿ, ಅರ್ಧ ನೆಂಟರು ವಿಟ್ಲ ಪುತ್ತೂರಲ್ಲಿ. 2020ರ ಜೂನ್ 1ಕ್ಕೆ ಇಲ್ಲಿ ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸಲ್ಲಿ ಫಸ್ಟ್ ಬೆಲ್ ಅನ್ನೋ ಪಾಠದ ಕಾರ್ಯಕ್ರಮ ಶುರುವಾಯ್ತು, ಕನ್ನಡ ಮೀಡಿಯಂ ಮಕ್ಕಳಿಗೆ ಕನ್ನಡದ್ದೇ ಪಾಠ ಯೂಟ್ಯೂಬಲ್ಲಿ ಬರ್ತಿತ್ತು. ಚೆನ್ನಾಗೇ ಇತ್ತು, ಸುಳ್ಳು ಹೇಳಬಾರ್ದು. ಆದ್ರೆ ಟೀವಿ ಮಕ್ಕಳ ನೋಟ್ಸ್ ಪುಸ್ತಕ ನೋಡ್ಲಿಕ್ಕಿಲ್ಲವಲ್ಲ ಮಾರಾಯ್ರೇ. ಪಕ್ಕದ ಮನೆ ಹುಡುಗಿ 612ನ್ನ 6ರಿಂದ ಭಾಗಿಸಿ 12 ಅಂತ ಬರೆದು ಫೋಟೋ ಕಳಿಸಿದ್ಳು, ಟೀಚರ್ ಅದೇ ಫೋಟೋದ ಮೇಲೆ ಬೆರಳಲ್ಲಿ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ರು, ಜೊತೆಗೆ ಒಂದು ವಾಯ್ಸ್: "ಮಧ್ಯದ ಸೊನ್ನೆ ಎಲ್ಲಿ ಹೋಯ್ತು ಮಗಾ? ಒಂದರಲ್ಲಿ ಆರು ಹೋಗುದಿಲ್ಲ, ಆಗ ಮೇಲೆ ಸೊನ್ನೆ ಹಾಕ್ಬೇಕು, ಮತ್ತೆ ಎರಡು ಇಳಿಸು." ರಾತ್ರಿ ಊಟಕ್ಕೆ ಮೊದ್ಲೇ ಹುಡುಗಿ 102 ಅಂತ ಬರೆದಾಗಿತ್ತು. ಹೆಸರು ಬಂದದ್ದು ಚಾನೆಲಿಗೆ, ಕೆಲಸ ಆದದ್ದು ಈ ವಾಟ್ಸಾಪಲ್ಲಿ.

ಆ ಕಡೆ ಕರ್ನಾಟಕದಲ್ಲಿ ಚಂದನ ಟೀವಿಯಲ್ಲಿ ಸಂವೇದ ಅಂತ ಪಾಠ ಬರ್ತಿತ್ತು, ಆಗಸ್ಟಲ್ಲಿ ವಿದ್ಯಾಗಮ ಅಂತ ಶುರು ಮಾಡಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಜಗಲಿ, ಮರದಡಿ ಅಂತ ಕೂತು ಕಲಿಸಿದ್ರು. ಕೊರೊನಾ ಹೆದರಿಕೆಗೆ ಅಕ್ಟೋಬರಲ್ಲಿ ನಿಲ್ಸಿದ್ರು, ನಿಲ್ಸಬೇಕಾಗಿಯೂ ಇತ್ತು. ಟೆಕ್ನಾಲಜಿಯಲ್ಲಿ ಕೇರಳವೇ ಮುಂದೆ, ಒಪ್ತೇನೆ, ಆದ್ರೆ ಪುಸ್ತಕ ತೆರೆದು ಅಲ್ಲಿಗಲ್ಲೇ ತಪ್ಪು ತೋರಿಸೋ ವಿಷಯಕ್ಕೆ ನನ್ನ ಮಾರ್ಕು ವಿದ್ಯಾಗಮಕ್ಕೆ. ಇಲ್ಲಿನವರು ಬೈದ್ರೂ ಪರ್ವಾಗಿಲ್ಲ.

ದೊಡ್ಡವರ ದೂರಶಿಕ್ಷಣದ ಕಥೆ ಇನ್ನೂ ವಿಚಿತ್ರ. 1840ರ ಸುಮಾರಿಗೆ ಇಂಗ್ಲೆಂಡಲ್ಲಿ ಐಸಾಕ್ ಪಿಟ್‌ಮನ್ ಅಂಚೆಯಲ್ಲೇ ಶಾರ್ಟ್‌ಹ್ಯಾಂಡ್ ಕಲಿಸ್ತಿದ್ದ, ಕಲಿಯುವವರು ಬರೆದು ಕಳಿಸಿದ್ದನ್ನ ತಿದ್ದಿ ಮತ್ತೆ ಅಂಚೆಗೆ ಹಾಕ್ತಿದ್ದ. ಅಂದ್ರೆ ತಿದ್ದಿ ವಾಪಸ್ ಕಳಿಸೋದು ಮೊದಲಿಂದ್ಲೂ ಇದ್ದದ್ದೇ. ಇಗ್ನೋದಲ್ಲೂ, ಅಂದ್ರೆ ಇಂದಿರಾ ಗಾಂಧಿ ಮುಕ್ತ ಯೂನಿವರ್ಸಿಟಿಯಲ್ಲೂ, ಬಹಳಷ್ಟು ಕೋರ್ಸಿಗೆ 30 ಪರ್ಸೆಂಟ್ ಮಾರ್ಕ್ಸ್ ಅಸೈನ್‌ಮೆಂಟಿಗೇ ಇಟ್ಟಿದ್ದಾರೆ, ಪರೀಕ್ಷೆಗೆ ಮೊದ್ಲು ಟ್ಯೂಟರ್ ಓದಿ ಷರಾ ಬರೆದು ಕೊಡ್ಲಿ ಅಂತ. ನನ್ನ ಚಿಕ್ಕಮ್ಮನ ಮಗಳು ಇನ್ನೊಂದು ಕಡೆ ಎಂಎ ಮಾಡಿದ್ದು, ಹೆಸರು ಬೇಡ. ಅಸೈನ್‌ಮೆಂಟೆಲ್ಲ ಪಿಡಿಎಫ್ ಮಾಡಿ ಅಪ್ಲೋಡ್ ಮಾಡಿದ್ಳು, ಪರೀಕ್ಷೆ ಮುಗಿದ ಮೇಲೆ ವೆಬ್‌ಸೈಟಲ್ಲಿ 58 ಅಂತ ಬಂತು. ಅಷ್ಟೇ. ಒಂದು ಗೆರೆ ಷರಾ ಇಲ್ಲ. ಅವಳು ಒಂದು ಪ್ರಶ್ನೆಯನ್ನೇ ತಪ್ಪಾಗಿ ಅರ್ಥ ಮಾಡ್ಕೊಂಡಿದ್ದಳಂತೆ, ಪರೀಕ್ಷೆಯಲ್ಲೂ ಅದೇ ಪ್ರಶ್ನೆಗೆ ಅದೇ ಥರ ಬರೆದು ಬಂದ್ಳು. ಆಮೇಲೆ ಎಷ್ಟು ವಿಡಿಯೋ ಕಳಿಸಿದ್ರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಟೆಕ್ನಾಲಜಿ ಬೇಡ ಅಂತ ನಾನು ಹೇಳುದಿಲ್ಲ, 2020ರ ಮಾರ್ಚಲ್ಲಿ ಗಡಿಯ ತಲಪಾಡಿ ರಸ್ತೆ ಬಂದ್ ಆದಾಗ ಮಂಗಳೂರಿಗೆ ಹೋಗ್ಲಿಕ್ಕಾಗದೆ ಕೂತ ನಮಗೆ ಅಪ್ಲೋಡ್ ಅಂದ್ರೆ ಎಂತ ಅಂತ ಚೆನ್ನಾಗಿ ಗೊತ್ತು. ಆದ್ರೆ ಬರೆದ ಪೇಪರಿಗೆ ವೇಗ ಬಂದದ್ದು ಒಂದು ಕಡೆಗೆ ಮಾತ್ರ, ನಮ್ಮಿಂದ ಅವರ ಕಂಪ್ಯೂಟರ್ ಸರ್ವರ್‌ಗೆ. ಅದು ತಿದ್ದಿ ಈಚೆಗೆ ಬರ್ಲಿಕ್ಕೆ ಮನುಷ್ಯರೇ ಬೇಕು, ಅವರಿಗೆ ಸರಿಯಾದ ದುಡ್ಡೂ ಬೇಕು. ಪೇಪರಿಗೆ ಇಷ್ಟು ಅಂತ ಕೊಟ್ರೆ, ಷರಾ ಬರೆದವರಿಗೂ ಬರೆಯದವರಿಗೂ ಒಂದೇ ರೇಟ್ ಆದ್ರೆ ಯಾರು ಬರೀತಾರೆ ಹೇಳಿ? ಒಂದು ನಿಮಿಷದ ವಾಯ್ಸ್ ಆದ್ರೂ ಸಾಕಿತ್ತು.

ಅಡ್ಮಿಷನ್‌ಗೆ ಕೊನೇ ದಿನ ಉಂಟು, ಫೀಸಿಗೆ ಉಂಟು, ಅಸೈನ್‌ಮೆಂಟಿಗೂ ಉಂಟು. ತಿದ್ದಿ ಕೊಡುವ ಕೊನೇ ದಿನವನ್ನೂ ಪ್ರಾಸ್ಪೆಕ್ಟಸಲ್ಲಿ ಪ್ರಿಂಟ್ ಮಾಡ್ಲಿ, ತಡ ಆದ್ರೆ ಅವರೂ ಫೈನ್ ಕಟ್ಲಿ.