ಕಾಫಿ ಕೋಡಿನ ಸೊನ್ನೆ ಎಲ್ಲಿ ಹೋಯ್ತು?

ಜಿಎಸ್‌ಟಿ ಬಿಲ್ಲಿನಲ್ಲಿ ಸರಕನ್ನು ಗುರುತಿಸುವ ಎಚ್‌ಎಸ್‌ಎನ್ ಕೋಡ್ ಕಾಫಿಗೆ 0901. ಮೆಣಸಿನದು 0904, ಏಲಕ್ಕಿಯದು 0908. ಮೂಡಿಗೆರೆ, ಸಕಲೇಶಪುರದ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವರು ದಯವಿಟ್ಟು ಇವನ್ನು ಡೇಟಾಬೇಸಿನಲ್ಲಿ ಇಂಟ್ ಕಾಲಂಗೆ, ಅಂದರೆ ಬರೀ ಪೂರ್ಣಸಂಖ್ಯೆ ಹಿಡಿಯುವ ಕಾಲಂಗೆ ಹಾಕಬೇಡಿ. ಸೊನ್ನೆ ಉದುರಿ 901 ಉಳಿಯುತ್ತದೆ. ಬಿಲ್ ಪ್ರಿಂಟ್ ಮಾಡುವಾಗ ಸೊನ್ನೆ ಅಂಟಿಸಿದರಾಯ್ತು ಅಂದುಕೊಂಡರೆ ಆ ತೇಪೆಯನ್ನು ಪ್ರತಿ ರಿಪೋರ್ಟಿನಲ್ಲೂ ಹಾಕುತ್ತಲೇ ಇರಬೇಕು. ಒಂದರಲ್ಲಿ ಮರೆತೇ ಮರೆಯುತ್ತದೆ.

ಕೂಡಿಸಿ ಕಳೆಯದ ಅಂಕಿ ನನ್ನ ಪ್ರಕಾರ ಹೆಸರೇ, ಅಕ್ಷರಗಳನ್ನು ಇಡುವ ವಾರ್‌ಚಾರ್ ಕಾಲಂನಲ್ಲೇ ಇರಬೇಕು: ಪಿನ್‌ಕೋಡ್, ಬ್ಯಾಂಕ್ ಖಾತೆ, ಹಾಸನದ ಎಸ್‌ಟಿಡಿ ಕೋಡ್ 08172. ರೈತರ ಮೊಬೈಲ್ ನಂಬರಂತೂ ಇಂಟ್‌ನಲ್ಲಿ ಹಿಡಿಸುವುದೇ ಇಲ್ಲ, ಅದರ ಮಿತಿ 2147483647. ಮಿತಿ ಮೀರಿದ ಅಂಕಿಯನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ 9ರಿಂದ ಶುರುವಾಗುವ ನಂಬರುಗಳೆಲ್ಲ ಇದೇ ಒಂದು ಅಂಕಿಯಾಗಿ ಕೂರುತ್ತವೆ. ಮೊಬೈಲ್ ನಂಬರೇ ಕೀ (ಪ್ರತಿ ಸಾಲನ್ನು ಗುರುತಿಸುವ, ಎರಡು ಸಲ ಬರಬಾರದ ಗುರುತು) ಆಗಿದ್ದರೆ ಎರಡನೇ ರೈತನಿಗೇ ಡೂಪ್ಲಿಕೇಟ್ ಎರರ್. ವಾರ್‌ಚಾರ್ ಮಾಡಿದ ಮೇಲೆ ಹುಡುಕುವಾಗ ಕೋಟ್ ಹಾಕುವುದನ್ನು ಮರೆಯಬೇಡಿ. ಕೋಟ್ ಇಲ್ಲದಿದ್ದರೆ ಡೇಟಾಬೇಸು ಬೇಗ ಹುಡುಕಲೆಂದು ಇರುವ ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಜಾಲಾಡುತ್ತದೆ.

ಹಾಗಂತ ಟೇಬಲ್ಲಿನ ಮುಖ್ಯ ಕೀ, ಅಂದರೆ ಪ್ರೈಮರಿ ಕೀ, ಅಕ್ಷರದ್ದಾಗಬಾರದು. ಅದು ಯಾವ ಅರ್ಥವೂ ಇಲ್ಲದ, ತಾನಾಗಿ ಏರುವ ಬಿಗ್‌ಇಂಟ್ (ದೊಡ್ಡ ಪೂರ್ಣಸಂಖ್ಯೆ) ಆಗಿರಲಿ, 8 ಬೈಟ್ ಸಾಕು. ಮೈಎಸ್‌ಕ್ಯೂಎಲ್ ಡೇಟಾ ಇಡಲು ಬಳಸುವ ಇನ್ನೋಡಿಬಿಯಲ್ಲಿ ಉಳಿದ ಪ್ರತಿ ಇಂಡೆಕ್ಸಿನೊಳಗೂ ಪ್ರೈಮರಿ ಕೀಯ ನಕಲು ಸೇರುತ್ತದೆ. 36 ಅಕ್ಷರದ ಯುಯುಐಡಿ (ಕಂಪ್ಯೂಟರೇ ಹುಟ್ಟಿಸುವ ಉದ್ದನೆಯ ಗುರುತು) ಇಟ್ಟರೆ ಐದು ಇಂಡೆಕ್ಸಿಗೆ ಐದು ಸಲ ಆ ಭಾರ. ಜಾಗಕ್ಕಿಂತ ದೊಡ್ಡ ತೊಂದರೆ ಹೆಸರು ಬದಲಾಗುವುದು. 2014ರ ನವೆಂಬರ್ 1ರಂದು ನಮ್ಮ ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲಿಂಗೇ ಬದಲಾಯಿತು. ಊರಿನ ಹೆಸರೇ ಕೀ ಆಗಿದ್ದ ಕಡೆ ಅದನ್ನು ನೆಚ್ಚಿಕೊಂಡ ಟೇಬಲ್‌ಗಳನ್ನೆಲ್ಲ ತಿದ್ದಬೇಕು. ಅಂಕಿಯ ಕೀ ಇದ್ದರೆ ಒಂದು ಸಾಲು ತಿದ್ದಿದರೆ ಮುಗಿಯಿತು.

ಲಾರಿ ನಂಬರನ್ನೂ ಕೀ ಮಾಡಬೇಡಿ. ಕೆಎ 18 ಅನ್ನು ಒಬ್ಬರು ಸ್ಪೇಸ್ ಬಿಟ್ಟು, ಒಬ್ಬರು ಅಡ್ಡಗೆರೆ ಹಾಕಿ, ಇನ್ನೊಬ್ಬರು ಕೂಡಿಸಿ ಟೈಪ್ ಮಾಡುತ್ತಾರೆ. ಒಂದೇ ಲಾರಿ, ಮೂರು ಸಾಲು. ಸೇವ್ ಮಾಡುವ ಮೊದಲೇ ಸ್ಪೇಸ್, ಗೆರೆ ತೆಗೆದು, ಎಲ್ಲ ದೊಡ್ಡಕ್ಷರ ಮಾಡಿ, ಆ ಕಾಲಂಗೆ ಒಂದೇ ನಂಬರ್ ಎರಡು ಸಲ ಸೇರದಂತೆ ತಡೆಯುವ ಯುನೀಕ್ ಇಂಡೆಕ್ಸ್ ಹಾಕಿ. ಜಿಎಸ್‌ಟಿಯ ರಾಜ್ಯ ಕೋಡಿನಂಥ ಚಿಕ್ಕ ಪಟ್ಟಿಗೆ ಮಾತ್ರ ಎರಡಕ್ಷರದ ಚಾರ್ ಕೀ ಇಟ್ಟರೆ ನನ್ನ ತಕರಾರಿಲ್ಲ. ನಮ್ಮದು 29, ಜಮ್ಮು ಕಾಶ್ಮೀರದ್ದು 01, ಅಲ್ಲೂ ಸೊನ್ನೆ ಇದೆ.

ಈಗಾಗಲೇ ಇಂಟ್‌ನಲ್ಲಿ ತುಂಬಿದ್ದರೆ ಹಳೇ ಕಾಲಂ ಮುಟ್ಟದೆ ಪಕ್ಕದಲ್ಲಿ ಹೊಸ ವಾರ್‌ಚಾರ್ ಕಾಲಂ ಮಾಡಿ. ಸರಕಿನ ಎಚ್‌ಎಸ್‌ಎನ್ ಬರೆಯುವುದು 4, 6 ಇಲ್ಲವೇ 8 ಅಂಕಿಯಲ್ಲಿ. ಹಾಗಾಗಿ 3, 5, 7 ಅಂಕಿ ಇರುವ ಕಡೆ ಮುಂದಿನ ಸೊನ್ನೆ ಬಿದ್ದಿದೆ ಎಂದು ಹಿಡಿದು ಸೇರಿಸಬಹುದು. 2147483647 ಆಗಿ ಕೂತ ಮೊಬೈಲ್ ನಂಬರ್ ಮಾತ್ರ ವಾಪಸ್ ಬರುವುದಿಲ್ಲ, ರೈತರನ್ನು ಕೇಳಿಯೇ ಮತ್ತೆ ತುಂಬಬೇಕು.