ದೇಶ ಎಲ್ಲಿದೆ ಅಂತ ಕೇಳಿದ್ರು ನಮ್ಮತ್ತೆ

ಮಾಲ್ಡೀವ್ಸ್‌ಗೆ ಹೋಗಿ ಬಂದೆವು. ನಾಲ್ಕು ರಾತ್ರಿ, ನಾಲ್ಕು ಜನ. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಈಗ ಸಿಕ್ಕವರೆಲ್ಲ ಕೇಳುವುದು ಒಂದೇ, ದೇಶ ಹೇಗಿದೆ ಅಂತ. ಏನಂತ ಹೇಳಲಿ? ರಿಸಾರ್ಟ್ ಚೆನ್ನಾಗಿತ್ತು. ದೇಶ ಮಾತ್ರ ಕಣ್ಣಿಗೆ ಬೀಳಲಿಲ್ಲ.

ಬೀಳದ ಹಾಗೆ ನೋಡಿಕೊಳ್ಳುವುದೇ ಅಲ್ಲಿನ ಕಸುಬು. ಸುಮಾರು 1,200 ದ್ವೀಪಗಳಿವೆ, ಊರು ಕಟ್ಟಿಕೊಂಡು ಜನ ಇರುವುದು 200ಕ್ಕೂ ಕಡಿಮೆ ಕಡೆ. ಜನ ಇಲ್ಲದ ದ್ವೀಪಗಳಲ್ಲಿ ಕೆಲವನ್ನು ರಿಸಾರ್ಟುಗಳಿಗೆ ಕೊಟ್ಟಿದ್ದಾರೆ, ಒಂದು ದ್ವೀಪಕ್ಕೆ ಒಂದು. ಮೊದಲನೆಯದು ಶುರುವಾಗಿದ್ದು 1972ರಲ್ಲಿ. ಊರೊಳಗೆ ಗೆಸ್ಟ್‌ಹೌಸ್ ನಡೆಸಲು ಊರವರಿಗೆ ದಾರಿ ತೆರೆದದ್ದು 2009ರ ನಂತರ. ಅದಕ್ಕೂ ಮುಂಚೆ ಬಹಳ ವರ್ಷ ಪ್ರವಾಸಿಗಳು ಒಂದು ಕಡೆ, ಊರವರು ಇನ್ನೊಂದು ಕಡೆ, ನಡುವೆ ಸಮುದ್ರ. ಮಡಿ ಅಂದ್ರೆ ಇದು.

ವಿಮಾನ ಇಳಿದೆವು. ವೀಸಾ ಬಿಟ್ಟಿ. ಅಲ್ಲಿಂದ ನೀರಿನ ಮೇಲೆ ಇಳಿಯುವ ಸೀಪ್ಲೇನ್. ಪೈಲಟ್ ಬರಿಗಾಲಲ್ಲಿದ್ದ. ಅತ್ತೆಗೆ ಖುಷಿಯಾಯಿತು. "ದೇವಸ್ಥಾನದ ತರ ಇಟ್ಕೊಂಡಿದಾರೆ ಕಣೆ" ಎಂದರು.

ರಿಸಾರ್ಟಿನ ಕಟ್ಟೆಗೆ ಇಳಿದರೆ ಒಬ್ಬ ಹುಡುಗ ತಣ್ಣನೆಯ ಟವೆಲ್ ಕೊಟ್ಟು, ಎಳನೀರು ಕೊಟ್ಟು, ನಗುತ್ತಾ ಹೇಳಿದ, ಗಡಿಯಾರ ಒಂದು ಗಂಟೆ ಮುಂದೆ ಮಾಡಿಕೊಳ್ಳಿ ಅಂತ. ಅದ್ಯಾಕಪ್ಪ? ರಾಜಧಾನಿ ಮಾಲೆಯ ಟೈಮ್ ಬೇರೆ, ರಿಸಾರ್ಟಿನ ಟೈಮ್ ಬೇರೆಯಂತೆ. ಸುಮ್ನೆ ತಮಾಷೆಗೆ ಹೇಳ್ತಿಲ್ಲ, ಅಲ್ಲಿ ಎಷ್ಟೋ ರಿಸಾರ್ಟುಗಳು ತಮ್ಮದೇ ಗಡಿಯಾರ ಇಟ್ಟುಕೊಂಡಿವೆ. ಸಂಜೆ ಬೆಳಕು ಜಾಸ್ತಿ ಹೊತ್ತು ಇದ್ದ ಹಾಗೆ ಅತಿಥಿಗಳಿಗೆ ಅನ್ನಿಸಲಿ ಅಂತ. ಸೂರ್ಯ ತಾನು ಮುಳುಗುವ ಹೊತ್ತಿಗೇ ಮುಳುಗುತ್ತಾನೆ, ಗೋಡೆಯ ಮೇಲಿನ ಮುಳ್ಳನ್ನು ಮಾತ್ರ ತಳ್ಳಿರುತ್ತಾರೆ. ಪಾಸ್‌ಪೋರ್ಟ್ ಕೇಳುವುದೊಂದು ಬಾಕಿ.

ಮಾಲೆ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ರಿಸಾರ್ಟ್ ಭಾರತಕ್ಕಿಂತ ಅರ್ಧ ಗಂಟೆ ಮುಂದೆ. ಹಾಗಾಗಿ ನಮ್ಮನೆಯವರ ಫೋನಿನಲ್ಲಿ ಮಾಲೆಯ ಟೈಮ್, ಗೋಡೆಯಲ್ಲಿ ರಿಸಾರ್ಟಿನ ಟೈಮ್, ಅತ್ತೆಯ ಕೈಗಡಿಯಾರದಲ್ಲಿ ನಮ್ಮೂರ ಟೈಮ್. "ನನ್ನ ಬಿಪಿ ಮಾತ್ರೆಗೆ ಅವರ ಟೈಮ್ ಗೊತ್ತಾಗಲ್ಲ" ಎಂದು ಅವರು ಕೀಲಿ ಮುಟ್ಟಲೇ ಇಲ್ಲ. ಮೊದಲ ದಿನ ಫೋನ್ ನಂಬಿ ತಿಂಡಿಗೆ ಹೋದ ನಮ್ಮನೆಯವರಿಗೆ ಮೇಜು ಒರೆಸುತ್ತಿದ್ದ ಹುಡುಗ ಸಿಕ್ಕಿದ, ತಿಂಡಿ ಸಿಗಲಿಲ್ಲ.

ಕೋಣೆ ನೀರಿನ ಮೇಲೆ. ನೆಲದಲ್ಲಿ ಒಂದು ಗಾಜಿನ ಚೌಕ, ಕೆಳಗೆ ಮೀನು ಓಡಾಡುವುದನ್ನು ನೋಡಲಿ ಅಂತ. ಬಚ್ಚಲಿಗೆ ಸರಿಯಾದ ಬಾಗಿಲಿಲ್ಲ. ಇಷ್ಟು ದುಡ್ಡು ತಗೊಂಡವರು ಒಂದು ಬಾಗಿಲು ಹಾಕಿಸಬಾರದಾ? ಅತ್ತೆ ಮೊದಲು ಮಾಡಿದ ಕೆಲಸ, ಗಾಜಿನ ಮೇಲೆ ದೊಡ್ಡ ಟವೆಲ್ ಹಾಸಿದ್ದು. "ಸೀರೆ ಉಡುವಾಗ ಮೀನು ನೋಡ್ತಿರುತ್ತೆ." ನಾವು ಹೊರಗೆ ಹೋಗಿ ಬರುವಷ್ಟರಲ್ಲಿ ಕೋಣೆ ಗುಡಿಸುವವನು ಅದನ್ನೆತ್ತಿ, ಹಂಸದ ಹಾಗೆ ಮಡಚಿ ಹಾಸಿಗೆ ಮೇಲೆ ಕೂರಿಸಿದ್ದ. ಅತ್ತೆ ಹಂಸವನ್ನು ಬಿಚ್ಚಿ ಮತ್ತೆ ಗಾಜಿಗೆ ಹಾಸಿದರು. ಮಾರನೇ ದಿನ ಅದು ಆನೆಯಾಗಿತ್ತು. ಮೂರನೇ ದಿನ ಏಡಿ. ಇಬ್ಬರೂ ಕೊನೆವರೆಗೆ ಸೋಲಲಿಲ್ಲ.

ಎರಡನೇ ದಿನ ಮಧ್ಯಾಹ್ನ ಅತ್ತೆ ಕೇಳಿದರು, "ಇಲ್ಲಿ ದೇಶ ಎಲ್ಲಿದೆಯಮ್ಮಾ?"

ಇತ್ತು. ರಿಸಾರ್ಟಿನ ವಿಹಾರದ ಪಟ್ಟಿಯಲ್ಲಿ, ಡಾಲ್ಫಿನ್ ನೋಡುವುದರ ಕೆಳಗೆ, ಮೀನು ಹಿಡಿಯುವುದರ ಮೇಲೆ. 'ಲೋಕಲ್ ಐಲ್ಯಾಂಡ್ ವಿಸಿಟ್, ಎರಡು ಗಂಟೆ.' ತಲೆಗೆ ಇಷ್ಟು ಡಾಲರ್, ಪ್ಲಸ್ ಪ್ಲಸ್. ಅಂದರೆ ಸರ್ಕಾರ ಬಿಟ್ಟಿಯಾಗಿ ಒಳಗೆ ಬಿಟ್ಟ ದೇಶವನ್ನು ರಿಸಾರ್ಟಿನವರು ಗಂಟೆ ಲೆಕ್ಕದಲ್ಲಿ ಮಾರುತ್ತಾರೆ.

ಈ ಪ್ಲಸ್ ಪ್ಲಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಪಟ್ಟಿಯಲ್ಲಿ 100 ಡಾಲರ್ ಎಂದಿದ್ದರೆ ಅದು ಬೆಲೆಯಲ್ಲ, ಬೆಲೆಯ ಪೀಠಿಕೆ. ಮೊದಲ ಪ್ಲಸ್ ಸರ್ವಿಸ್ ಚಾರ್ಜ್, ಶೇ 10. ಎರಡನೇ ಪ್ಲಸ್ ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈಯಿಂದ ಶೇ 17. ಇದು 100ರ ಮೇಲಲ್ಲ, 110ರ ಮೇಲೆ. ಒಟ್ಟು 128 ಡಾಲರ್ 70 ಸೆಂಟ್. ನಿಜವಾದ ಬೆಲೆಯನ್ನೇ ಬರೆಯಲು ಅವರಿಗೇನು ಕಷ್ಟವೋ, ಮುದ್ರಿಸುವ ಶಾಯಿ ಉಳಿಸುತ್ತಿರಬೇಕು.

ಆದರೂ ಹೋದೆವು. ಊರು ಅಂದರೆ ಊರು. ಶಾಲೆ, ಮಸೀದಿ, ಒಂದು ಚಿಕ್ಕ ಅಂಗಡಿ, ನೆರಳಲ್ಲಿ ಕೂತು ಹರಟುವ ಹೆಂಗಸರು. ಹಗ್ಗ ಹೆಣೆದ ಜೋತಾಡುವ ಆಸನಗಳನ್ನು ಸಾಲಾಗಿ ಹಾಕಿಕೊಂಡಿದ್ದರು. ಅದಕ್ಕೆ ಅವರ ಭಾಷೆಯಲ್ಲಿ ಏನಂತಾರೆ ಗೊತ್ತಾ? ಜೋಲಿ! ಅತ್ತೆ ಅದರಲ್ಲಿ ಕೂತವರು ಏಳಲೇ ಒಲ್ಲೆ ಎಂದರು. ಪಕ್ಕದ ಅಜ್ಜಿಯ ಭಾಷೆ ಇವರಿಗೆ ಬರದು, ಇವರದು ಅಜ್ಜಿಗೆ ಬರದು, ಮಂಡಿ ನೋವಿನ ಬಗ್ಗೆ ಮಾತ್ರ ಅರ್ಧ ಗಂಟೆ ಮಾತಾಡಿದರು. ಅಂಗಡಿಯಲ್ಲಿ ಚಿಲ್ಲರೆಯಾಗಿ ಒಂದು ನೋಟು ಬಂತು. "ಇದ್ಯಾವ ದುಡ್ಡು?" ಎಂದಳು ಮಗಳು. ರುಫಿಯಾ, ಈ ದೇಶದ್ದು. ಮೂರು ದಿನದಲ್ಲಿ ಮೊದಲ ಸಲ ನೋಡಿದ್ದು. ರಿಸಾರ್ಟಿನಲ್ಲಿ ಬರೀ ಡಾಲರ್ ತಾನೇ. ಅಷ್ಟರಲ್ಲಿ ಗೈಡ್ ಶಿಳ್ಳೆ ಹಾಕಿದ. ದೇಶದ ಎರಡು ಗಂಟೆ ಮುಗಿದಿತ್ತು.

ಕೊನೆಯ ದಿನ ಬಿಲ್ಲು. ಗ್ರೀನ್ ಟ್ಯಾಕ್ಸ್, ತಲೆಗೆ ದಿನಕ್ಕೆ 12 ಡಾಲರ್. ನಾಲ್ಕು ತಲೆ, ನಾಲ್ಕು ದಿನ, 192. ಸಮುದ್ರ ಏರಿ ನಮ್ಮ ದೇಶ ಮುಳುಗುತ್ತಿದೆ ಎಂದು ಜಗತ್ತಿಗೆ ತಿಳಿಸಲು ಅಲ್ಲಿನ ಆಗಿನ ಅಧ್ಯಕ್ಷ ಮೊಹಮ್ಮದ್ ನಶೀದ್ 2009ರಲ್ಲಿ ನೀರೊಳಗೆ ಸಂಪುಟ ಸಭೆ ಮಾಡಿದ್ದರಲ್ಲ, ಅದೇ ನೀರಿನ ಮೇಲೆ ಹಗಲೂ ರಾತ್ರಿ ಎಸಿ ಹಾಕಿಕೊಂಡು ಮಲಗಿ, ಹಸಿರು ತೆರಿಗೆ ಕಟ್ಟಿ, ನಾವು ಪರಿಸರ ಉಳಿಸಿ ಬಂದೆವು.

ಸೀಪ್ಲೇನ್ ಒಂಬತ್ತೂವರೆಗೆ ಎಂದು ಚೀಟಿ ಬಂದಿತ್ತು. ಯಾರ ಒಂಬತ್ತೂವರೆ? ನಮ್ಮನೆಯವರು ಎರಡು ಸಲ ರಿಸೆಪ್ಷನ್‌ಗೆ ಹೋಗಿ ಕೇಳಿಕೊಂಡು ಬಂದರು. ರಿಸಾರ್ಟಿನ ಒಂಬತ್ತೂವರೆಯೇ. ಹತ್ತಿದೆವು, 45 ನಿಮಿಷ ಹಾರಿದೆವು, ಮಾಲೆಯಲ್ಲಿ ಇಳಿದು ಗೋಡೆ ನೋಡಿದರೆ ಒಂಬತ್ತೂಕಾಲು. ಹೊರಡುವುದಕ್ಕೆ ಕಾಲು ಗಂಟೆ ಮುಂಚೆ ತಲುಪಿಬಿಟ್ಟಿದ್ದೆವು.

ಅತ್ತೆ ಗೋಡೆ ನೋಡಿದರು, ಕೈಗಡಿಯಾರ ನೋಡಿದರು, ನಮ್ಮನೆಯವರ ಕೈಯಲ್ಲಿದ್ದ ಬಿಲ್ಲು ಇಸಿದುಕೊಂಡು ಕನ್ನಡಕ ಹಾಕಿದರು.

"ಕಿತ್ಕೊಂಡಿದ್ದ ಒಂದು ಗಂಟೆ ವಾಪಸ್ ಕೊಟ್ರಲ್ಲ, ಅದಕ್ಕೂ ಪ್ಲಸ್ ಪ್ಲಸ್ ಹಾಕಿದಾರಾ ನೋಡ್ತೀನಿ ತಾಳು."